ಅಪ್ಪ ಸುಕ್ಕು ಅಳಿಸಿದ ಮುಖಗಳು

ಹೋದ ವರ್ಷ ನಮ್ಮ ಚರ್ಚಿನ ಸಭೆಯವರು ಒಂದು ಸ್ಮರಣ ಸಂಚಿಕೆ ತಂದರು. ಅದರಲ್ಲಿ ನಮ್ಮ ಅಪ್ಪನಿಗೂ ಒಂದು ಪುಟ ಕೊಟ್ಟಿದ್ದಾರೆ. ತಿಪಟೂರಿನ ಫೋಟೋ ಸಾಮುವೇಲಪ್ಪನವರು ತಮ್ಮ ಕ್ಯಾಮೆರಾವನ್ನು ದೇವರ ಸೇವೆಗೆ ಒಪ್ಪಿಸಿದ್ದರು, ಅವರು ಉಚಿತವಾಗಿ ತೆಗೆದುಕೊಟ್ಟ ಚಿತ್ರಗಳಿಂದ ಹನ್ನೆರಡು ಮಂದಿ ಬಡ ವೃದ್ಧೆಯರಿಗೆ ಸರ್ಕಾರದ ಮಾಸಾಶನ ದೊರೆಯಿತು, ಎಂದು ಅಲ್ಲಿ ಅಚ್ಚಾಗಿದೆ. ಓದಿ ಮೈ ಉರಿಯಿತು. ಅಪ್ಪನ ಚಿತ್ರಗಳಿಂದಲೇ ಆ ಹನ್ನೆರಡು ಮಂದಿಯ ಅರ್ಜಿ ತಿರಸ್ಕಾರವಾಯಿತು. ಅದು ನಮ್ಮ ಮನೆಯಲ್ಲಿ ನಡೆದದ್ದು, ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಅದರ ಜಗಳ ಆದದ್ದು. ಸಂಚಿಕೆ ಮಾಡಿದವರಿಗೆ ಫೋನು ಮಾಡಿ ಹೇಳಿದೆ. ಅವರು ಬಹಳ ಸಮಾಧಾನದಿಂದ, 'ಅಮ್ಮಾ, ನಿಮ್ಮ ತಂದೆಯವರ ಬಗ್ಗೆ ಒಳ್ಳೇದನ್ನೇ ಬರೆದಿದ್ದೀವಲ್ಲ' ಅಂದರು. ಒಳ್ಳೆಯದನ್ನು ಬರೆದರೆ ಸಾಕು, ನಿಜವನ್ನು ಕೇಳುವವರಿಲ್ಲ! ಚರ್ಚಿನಲ್ಲಿ ಸಾಕ್ಷಿ ಹೇಳುವುದಕ್ಕೆ ಎದ್ದು ನಿಂತವರೆಲ್ಲ ಕಷ್ಟ ಬಂತು, ಪ್ರಾರ್ಥಿಸಿದೆವು, ಪರಿಹಾರ ಸಿಕ್ಕಿತು ಎಂದು ಮೂರು ವಾಕ್ಯದಲ್ಲಿ ಮುಗಿಸಿ ಕೂರುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಎರಡನೆಯ ವಾಕ್ಯಕ್ಕೂ ಮೂರನೆಯದಕ್ಕೂ ನಡುವೆ ಯಾರು ಹಸಿದಿದ್ದರು ಎಂದು ಯಾರೂ ಹೇಳುವುದಿಲ್ಲ. ನಾನು ಅದನ್ನು ಹೇಳುತ್ತೇನೆ. ಆದರೆ ನನ್ನನ್ನೂ ಪೂರ್ತಿ ನಂಬಬೇಡಿ. ನನಗಾಗ ಹತ್ತೋ ಹನ್ನೊಂದೋ ವಯಸ್ಸು. ನನಗಿಂತ ಮೂರು ವರ್ಷ ದೊಡ್ಡವಳಾದ ಕರುಣಕ್ಕನಿಗೆ ಕೆಲವು ಸಂಗತಿಗಳು ಬೇರೆ ಥರ ನೆನಪಿವೆ. ಎಲ್ಲಿ ನಮ್ಮಿಬ್ಬರಿಗೂ ಹೊಂದುವುದಿಲ್ಲವೋ ಅಲ್ಲಿ ಹಾಗೆಂದು ಬರೆಯುತ್ತೇನೆ.

ನಮ್ಮ ಮನೆ ಉದ್ದಕ್ಕೆ, ರೈಲು ಡಬ್ಬಿಗಳನ್ನು ಜೋಡಿಸಿದ ಹಾಗೆ, ಒಂದರ ಹಿಂದೆ ಒಂದು ಕೋಣೆ. ಬೀದಿಗೆ ಗಾಜಿನ ಬೀರು ಮತ್ತು ಒಂದು ಬೆಂಚು. ಅದರ ಹಿಂದೆ ಫೋಟೋ ತೆಗೆಯುವ ಕೋಣೆ. ಅಲ್ಲಿ ಗೋಡೆಗೆ ಇಳಿಬಿಟ್ಟ ಪರದೆಯ ಮೇಲೆ ಯಾರೋ ಕಲಾವಿದ ಅರಮನೆಯ ಮೆಟ್ಟಿಲು, ಒಂದು ಕೊಳ, ಎರಡು ಹಂಸ ಬರೆದಿದ್ದ. ಒಳಗೆ ಬರಬೇಕಾದರೆ ಆ ಪರದೆಯ ಪಕ್ಕದಿಂದಲೇ ನುಸುಳಬೇಕು. ಹಾಗಾಗಿ ನಾವು ಶಾಲೆಯಿಂದ ಬಂದು ಅರಮನೆಯನ್ನು ಹಾದು ಬಚ್ಚಲಿಗೆ ಬರುತ್ತಿದ್ದೆವು. ಆ ಬಚ್ಚಲೇ ಅಪ್ಪನ ಡಾರ್ಕ್‌ರೂಮು. ಒಂದು ಕಡೆ ನೀರು ಕಾಯಿಸುವ ಹಂಡೆ, ಇನ್ನೊಂದು ಕಡೆ ಹಲಗೆಯ ಮೇಲೆ ಮೂರು ತಟ್ಟೆ, ಮೇಲೆ ಕೆಂಪು ಬಲ್ಬು. ತಟ್ಟೆಯಲ್ಲಿ ಪ್ರಿಂಟು ಮುಳುಗಿದ್ದರೆ ಯಾರೂ ಸ್ನಾನ ಮಾಡುವಂತಿಲ್ಲ. ನಮ್ಮ ಬೀದಿಯಲ್ಲಿ ಪೂರ್ತಿ ಕೊಬ್ಬರಿ ಗೋದಾಮುಗಳು. ಊರಿನ ಮಕ್ಕಳ ಬಟ್ಟೆಯಲ್ಲಿ ಕೊಬ್ಬರಿಯ ಕಮಟು ಸಿಹಿ ವಾಸನೆ, ನಮ್ಮ ಬಟ್ಟೆಯಲ್ಲಿ ಹೈಪೋ ಎಂಬ ಆ ಫೋಟೋ ತೊಳೆಯುವ ಮದ್ದಿನ ವಾಸನೆ. ಪ್ರಿಂಟು ತೊಳೆಯುವುದಕ್ಕೆ ಬೇಕಾದ ನೀರನ್ನೆಲ್ಲ ಅಮ್ಮ ಬೀದಿ ನಲ್ಲಿಯಿಂದ ಹೊತ್ತು ತರುತ್ತಿದ್ದಳು. ಸ್ಮರಣ ಸಂಚಿಕೆಯಲ್ಲಿ ಆ ನೀರಿನ ಪ್ರಸ್ತಾಪವೇ ಇಲ್ಲ. ಬಚ್ಚಲು ದಾಟಿದರೆ ಅಡುಗೆಮನೆ, ಅದರಾಚೆ ಹಿತ್ತಿಲು, ಅಲ್ಲಿ ಬಟ್ಟೆ ಒಗೆಯುವ ಕಲ್ಲು ಮತ್ತು ಪ್ರಿಂಟುಗಳನ್ನು ಕ್ಲಿಪ್ಪು ಹಾಕಿ ಒಣಗಿಸುವ ತಂತಿ. ಒಂದೇ ತಂತಿಯಲ್ಲಿ ನಮ್ಮ ಲಂಗ, ಅಪ್ಪನ ಬನಿಯನ್ನು, ಕೊಬ್ಬರಿ ಮಂಡಿ ಸಾಹುಕಾರರ ಮುಖಗಳು, ಅಮ್ಮಸಂದ್ರದ ಕಾರ್ಖಾನೆಯವರ ಪಾಸ್‌ಪೋರ್ಟ್ ಸೈಜಿನ ಮುಖಗಳು ಸಾಲಾಗಿ ತೂಗಾಡುತ್ತಿದ್ದವು.

ಊಟಕ್ಕೆ ಮುಂಚೆ ಪ್ರಾರ್ಥನೆ. ಇದು ಎಲ್ಲ ಕ್ರೈಸ್ತ ಮನೆಗಳಲ್ಲೂ ಇರುವುದೇ, ಆದರೆ ನಮ್ಮ ಮನೆಯಲ್ಲಿ ಅದಕ್ಕೊಂದು ಬಾಲವಿತ್ತು. ಅವತ್ತು ಯಾರ್ಯಾರ ಫೋಟೋ ತೆಗೆದಿದ್ದರೋ ಅವರೆಲ್ಲರ ಹೆಸರು ಹಿಡಿದು ಅಪ್ಪ ದೇವರ ಮುಂದೆ ಹೇಳುತ್ತಿದ್ದರು. ಕಣ್ಣು ಮುಚ್ಚಿ, ಮುದ್ದೆಯ ಮುಂದೆ ಕೈ ಜೋಡಿಸಿ, ಒಬ್ಬೊಬ್ಬರ ಮುಖವನ್ನೂ ನೆನೆದುಕೊಂಡು.

"ಕರ್ತನೇ, ಅರಳಗುಪ್ಪೆಯ ನಂಜಪ್ಪನವರ ಮುಖ ನೋಡುವ ಭಾಗ್ಯ ಕೊಟ್ಟೆ. ಅವರ ಎಡಗೆನ್ನೆಯ ಮಚ್ಚೆಗಾಗಿ ಸ್ತೋತ್ರ."

"ಮಚ್ಚೆ ಇಟ್ಟವನಿಗೆ ಮಚ್ಚೆ ಗೊತ್ತಿರಲ್ವಾ? ಸಾರು ಆರ್ತಾ ಇದೆ," ಎಂದು ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು.

ನಾವು ನಗು ತಡೆಯಲಾರದೆ ಸೊಂಟ ಚಿವುಟಿಕೊಳ್ಳುತ್ತಿದ್ದೆವು. ಅಪ್ಪ ಮಾತ್ರ ಕೊನೆಯ ಹೆಸರಿನವರೆಗೂ ಹೋಗಿಯೇ ಆಮೆನ್ ಅನ್ನುತ್ತಿದ್ದರು. ಮನುಷ್ಯನ ಪ್ರತಿಯೊಂದು ಮುಖದಲ್ಲೂ ದೇವರ ಹೋಲಿಕೆ ಇದೆ ಎಂದು ಅವರು ಅಕ್ಷರಶಃ ನಂಬಿದ್ದರು. ಯಾವ ಹೆಂಗಸಿಗೆ ಹುಟ್ಟಿದ ಮೇಲೆ ಒಂದೇ ಒಂದು ಫೋಟೋ ಇಲ್ಲವೋ ಅವಳಿಗೆ ಅದನ್ನು ತೆಗೆದುಕೊಡುವುದು ಅವರ ಪಾಲಿಗೆ ಆರಾಧನೆ. ಮದುವೆಗಳಿಂದ, ಸಾಹುಕಾರರಿಂದ ಬಂದದ್ದರಲ್ಲಿ ನಮ್ಮ ಮನೆ ನಡೆಯಬೇಕು, ಉಳಿದ ಹೊತ್ತು, ಉಳಿದ ಫಿಲ್ಮು ಇವರಿಗೆ. ಅದೂ ಸುಮ್ಮನೆ ಕೂರಿಸಿ ಗುಂಡಿ ಒತ್ತಿ ಕಳಿಸುವುದಲ್ಲ. ಮೊದಲು ಹಿತ್ತಿಲಿಗೆ ಕರೆದುಕೊಂಡು ಹೋಗಿ ಅಮ್ಮ ಸೋಪು ಕೊಟ್ಟು ಮುಖ ತೊಳೆಸಬೇಕು, ಎಣ್ಣೆ ಹಚ್ಚಿ ತಲೆ ಬಾಚಬೇಕು, ಹರಿದ ಸೆರಗಿನವರ ಭುಜದ ಮೇಲೆ ತನ್ನ ಮದುವೆ ಸೀರೆ ಹೊದಿಸಬೇಕು. ಆಮೇಲೆ ಅಪ್ಪ ಎದುರಿಗೆ ಸ್ಟೂಲು ಹಾಕಿಕೊಂಡು ಮಳೆ ಬೆಳೆ ಮಾತಾಡುತ್ತ, ಆಕೆ ತಲೆ ಎತ್ತಿ ನೇರ ನೋಡುವ ತನಕ ಕಾಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಗೆ ಬರುತ್ತಿತ್ತು. ಕಿಟಕಿಯ ಹತ್ತಿರ ಇಳಿಜಾರಾದ ಒಂದು ಮೇಜು. ಅದರ ನಡುವೆ ಗಾಜಿನ ಕಿಂಡಿ. ಆ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಉಪ್ಪುಕಾಗದದ ಮೇಲೆ ಉಜ್ಜಿ ಸೂಜಿಯ ಮೊನೆಯಾಗಿಸಿದ ಪೆನ್ಸಿಲಿನಿಂದ ಅಪ್ಪ ರಿಟಚ್ ಮಾಡುತ್ತಿದ್ದರು. ನೆಗೆಟಿವ್‌ನಲ್ಲಿ ಸುಕ್ಕು ಬಿಳಿಗೀಟಾಗಿ ಕಾಣುತ್ತದೆ. ಆ ಗೀಟನ್ನು ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕೇ ಇರುವುದಿಲ್ಲ. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಗುಳಿಬಿದ್ದ ಕೆನ್ನೆ, ಎಲ್ಲ ಹೋಗುತ್ತಿತ್ತು. ಸಾಹುಕಾರರ ಹೆಂಡತಿಯರಿಗೆ ಎಲ್ಲ ಸ್ಟುಡಿಯೋದವರೂ ಇದನ್ನು ಮಾಡುತ್ತಿದ್ದರು. ಕೂಲಿಯ ಮುದುಕಿಯರಿಗೂ ಮಾಡುತ್ತಿದ್ದವರು ನಮ್ಮ ಅಪ್ಪ ಒಬ್ಬರೇ.

"ಇದು ಕಷ್ಟ ಬರೆದ ಗೀಟು ಮಗಳೇ, ದೇವರು ಬರೆದದ್ದಲ್ಲ," ಎಂದು ಒಮ್ಮೆ ನನಗೆ ತೋರಿಸಿ ಹೇಳಿದ್ದರು. "ಅಳಿಸಿದರೆ ತಪ್ಪೇನು?"

ಎಷ್ಟು ಚೆನ್ನಾಗಿದೆ ಮಾತು! ಇದನ್ನೇ ನಾನು ಬಹಳ ವರ್ಷ ಸ್ನೇಹಿತರಿಗೆ ಹೇಳಿಕೊಂಡು ಹೆಮ್ಮೆಪಟ್ಟಿದ್ದೇನೆ. ಈ ಮಾತಿನಿಂದಲೇ ಹನ್ನೆರಡು ಜನ ಕೆಟ್ಟರು.

ವಯಸ್ಸಾದವರಿಗೆ ಸರ್ಕಾರ ಮಾಸಾಶನ ಕೊಡುತ್ತದೆ, ಅರ್ಜಿಗೆ ಫೋಟೋ ಅಂಟಿಸಬೇಕು ಎಂಬ ಸುದ್ದಿ ಬಂದಾಗ ಅಪ್ಪ ಸೈಕಲ್ಲು ಹತ್ತಿ ಹಳ್ಳಿಗಳಿಗೆ ಹೋಗಿ, ಫೋಟೋಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ, ನಮ್ಮ ಮನೆಗೆ ಬನ್ನಿ ಎಂದು ಹೇಳಿ ಬಂದರು. ಸಂತೆಯ ದಿನ ಹನ್ನೆರಡು ಮಂದಿ ಬಂದರು. ಅವರಲ್ಲಿ ಬಿಳಿಗೆರೆಯ ಕೆಂಚಮ್ಮನನ್ನು ನಾನು ಮರೆತಿಲ್ಲ. ಗೋದಾಮಿನಲ್ಲಿ ಕಾಯಿ ಒಡೆದು ಕೊಬ್ಬರಿ ಬಿಡಿಸುವ ಕೆಲಸದವಳು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯ ಚಿಪ್ಪನ್ನು, ಒಳಗಿನ ಉಂಡೆ ಕೊಬ್ಬರಿ ಒಡೆಯದ ಹಾಗೆ ಹೊಡೆದು ಬಿಡಿಸಬೇಕು. ಹಾಗೆ ಹೊಡೆಯುವಾಗ ಚಿಪ್ಪಿನ ಚೂರು ಸಿಡಿದು ಅವಳ ಎಡಗಣ್ಣು ಹೋಗಿತ್ತು. ಗುಡ್ಡೆ ಹಾಲಿನ ಹಾಗೆ ಬೆಳ್ಳಗೆ. ಒಂದೇ ಕಣ್ಣಿನಲ್ಲಿ ಏಟು ತಪ್ಪುತ್ತದೆ, ಕೊಬ್ಬರಿ ಒಡೆಯುತ್ತದೆ ಎಂದು ಸಾಹುಕಾರರು ಕರೆಯುವುದನ್ನು ಬಿಟ್ಟರು. ಗಂಡ, ಮಕ್ಕಳು ಯಾರೂ ಇರಲಿಲ್ಲ, ತಮ್ಮನ ಮನೆಯ ಜಗಲಿಯ ಮೇಲೆ ಮಲಗುತ್ತಿದ್ದಳು. ತಮ್ಮನ ಹೆಂಡತಿ ತಟ್ಟೆಗೆ ಹಾಕುವಾಗ ಕೈ ಬಿಗಿಹಿಡಿಯುತ್ತಿದ್ದಳು.

"ಆ ಸರ್ಕಾರದ್ದು ಬಂದ್ರೆ ಮೂರು ಕಲ್ಲು ಇಟ್ಟು ನಂದೇ ಒಂದು ಒಲೆ ಹೂಡ್ತೀನಿ ಕಣವ್ವ," ಎಂದು ಅಮ್ಮನಿಗೆ ಹೇಳಿದಳು. "ಅರ್ಧ ಮುದ್ದೆ ಉಂಡ್ರೂ ನನ್ನ ಕೈಯಾಗಿಂದು ಉಣ್ತೀನಿ."

ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಅಪ್ಪ ಎಲ್ಲರನ್ನೂ ಬಹುವಚನದಲ್ಲಿ ಕರೆಯುವವರು.

"ಬನ್ನಿ ಕೆಂಚಮ್ಮನವರೇ, ಕೂತ್ಕೊಳ್ಳಿ."

"ಅಯ್ಯೋ, ನನ್ನ ಯಾರೂ 'ಬನ್ನಿ' ಅಂದಿಲ್ಲ ಕಣಪ್ಪ. ನನ್ನ ಹಿಂದೆ ಯಾರಾದ್ರೂ ದೊಡ್ಡೋರು ಬಂದವ್ರಾ ಅಂತ ತಿರುಗಿ ನೋಡ್ದೆ!"

ಅಮ್ಮ ಹಿತ್ತಿಲಲ್ಲಿ ಅವಳ ಮುಖ ತೊಳೆಸಿ, ಬೆಳ್ಳಿ ಜರಿಯ ಅಂಚಿನ ಬಿಳಿ ಸೀರೆಯನ್ನು ಅವಳ ಭುಜದ ಮೇಲೆ ಹೊದಿಸಿದಳು. ನಮ್ಮಲ್ಲಿ ಮದುಮಗಳು ಬಿಳಿ ಉಡುತ್ತಾಳೆ.

"ಏನ್ ಸುಗುಣವ್ವ, ಮದುವೇಲಿ ಬಿಳೀ ಸೀರೆ ಉಟ್ಟಿದ್ದಾ? ಗಂಡ ಎದುರಿಗೇ ಬದುಕಿ ಕುಂತಿದ್ನಾ?"

"ಕೂತಿದ್ರು. ಪ್ರಾರ್ಥನೆ ಮಾಡ್ತಾ ಇದ್ರು. ಇನ್ನೂ ಮುಗಿದಿಲ್ಲ."

ಇಬ್ಬರೂ ನಕ್ಕ ನಗು ಬೀದಿಗೆ ಕೇಳಿತು. ಅಪ್ಪ ಅವಳ ಗದ್ದವನ್ನು ಮೆಲ್ಲಗೆ ತಿರುಗಿಸಿ, ಎಡಗಣ್ಣು ನೆರಳಿಗೆ ಬರುವ ಹಾಗೆ ಕೂರಿಸಿದರು. ಮೂರು ದಿನ ಪೆನ್ಸಿಲು ಹಿಡಿದು ಕೂತರು. ಮುಂದಿನ ವಾರ ಕೆಂಚಮ್ಮ ತನ್ನ ಫೋಟೋವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಮ್ಮವ್ವ ಕಣಪ್ಪ. ನಮ್ಮವ್ವ ಹಿಂಗೇ ಇದ್ಲು."

ಅವಳು ಅಂದು ಸಂತೋಷಪಟ್ಟದ್ದು ನಿಜ. ನನ್ನ ಕೋಪಕ್ಕೆ ಅನುಕೂಲ ಆಗಲಿ ಅಂತ ಅದನ್ನು ಬಚ್ಚಿಡಲಾರೆ. ಬೀದಿಯ ಗೋದಾಮು ಗೋದಾಮಿಗೂ ಹೋಗಿ, ಕಾಯಿ ಒಡೆಯುವ ಹೆಂಗಸರಿಗೆಲ್ಲ ತೋರಿಸಿ ಬಂದಳು.

ಒಂದೂವರೆ ತಿಂಗಳಾದ ಮೇಲೆ ಅವಳು ಮತ್ತೆ ಬಂದದ್ದು ಕೈಯಲ್ಲಿ ಅರ್ಜಿ ಹಿಡಿದುಕೊಂಡು. ಯಾವ ಕಚೇರಿ, ಯಾವ ಗುಮಾಸ್ತ ಎಂದು ಬರೆಯುವುದಿಲ್ಲ, ಆತನ ಮಕ್ಕಳು ಇರಬಹುದು. ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ, 'ಭಾವಚಿತ್ರದ ಪ್ರಕಾರ ವಯಸ್ಸು ನಲವತ್ತೈದು ಮೀರಿಲ್ಲ, ಅನುಕೂಲಸ್ಥರಂತೆ ಕಾಣುತ್ತಾರೆ, ತಿರಸ್ಕರಿಸಿದೆ' ಎಂದಿತ್ತು. ಹುಟ್ಟಿದ ದಿನದ ದಾಖಲೆ ಆ ಹನ್ನೆರಡು ಮಂದಿಯಲ್ಲಿ ಯಾರಿಗೂ ಇರಲಿಲ್ಲ. ವಯಸ್ಸಿಗೆ ಮುಖವೇ ಪುರಾವೆ. ಅಪ್ಪ ಆ ಪುರಾವೆಯನ್ನು ಚುಕ್ಕೆ ಚುಕ್ಕೆಯಾಗಿ ಅಳಿಸಿದ್ದರು. ಕೆಂಚಮ್ಮ ಅಳಲಿಲ್ಲ. ನಮ್ಮ ಬೆಂಚಿನ ಮೇಲೆ ಕೂತು ಗುಮಾಸ್ತನ ದನಿಯನ್ನು ಅಣಕಿಸಿ ತೋರಿಸಿದಳು.

"'ಇವಳ್ಯಾರಮ್ಮ?' ಅಂದ. ನಾನೇ ಸ್ವಾಮಿ ಅಂದೆ. 'ನಿನ್ನ ಮಗಳಾ?' ಅಂದ. ನಂಗೆ ಮಕ್ಳಿಲ್ಲ ಸ್ವಾಮಿ, ನಾನೇ ಅಂದೆ. 'ಹನ್ನೆರಡು ಜನಕ್ಕೂ ಒಂದೇ ಜರೀ ಸೀರೆ ಐತಲ್ಲಾ, ಯಾವ ನಾಟಕದ ಕಂಪ್ನಿಯೋರು ನೀವು?' ಅಂದ. ಅಲ್ಲೇ ಇದ್ದೋರೆಲ್ಲ ನಕ್ಕುಬುಟ್ರು ಕಣಪ್ಪ."

ಇಷ್ಟು ವರ್ಷವಾದರೂ ನನಗೆ ಸಹಿಸಲಾಗದ್ದು ಇದು. ಎಪ್ಪತ್ತರ ಆಸುಪಾಸಿನ ಮುದುಕಿ, ಒಂದು ಕಣ್ಣಿಲ್ಲದವಳು, ಅವನ ಮೇಜಿನ ಮುಂದೆ ಜೀವಂತ ನಿಂತಿದ್ದಾಳೆ. ಅವನು ತಲೆ ಎತ್ತಿ ಅವಳನ್ನು ನೋಡಿದ್ದಾನೆ, ಅವಳ ಜೊತೆ ಮಾತಾಡಿದ್ದಾನೆ. ಆಮೇಲೆ ತಲೆ ತಗ್ಗಿಸಿ ಅಂಗೈಯಗಲದ ಕಾಗದವನ್ನು ನೋಡಿ, ಕಾಗದವನ್ನು ನಂಬಿದ್ದಾನೆ. ಯಾವ ಕಣ್ಣು ಅದು?

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಚೇರಿಗೆ ಹೋದರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಅಪ್ಪ ಅಮ್ಮನಿಗೆ ಹೇಳಿದ್ದನ್ನು ಕೇಳಿದ್ದು ಅಷ್ಟೆ. ತಪ್ಪು ತನ್ನದು, ಪೆನ್ಸಿಲಿನಿಂದ ಸುಕ್ಕು ಅಳಿಸಿದ್ದು ತಾನೇ ಎಂದು ಹೇಳಿದರಂತೆ.

"ಪುಕ್ಕಟೆ ತೆಗೆದ್ರಾ?" ಎಂದನಂತೆ ಗುಮಾಸ್ತ. "ಪುಕ್ಕಟೆ ಯಾಕ್ರೀ ಮಾಡ್ತೀರಾ? ನಿಮಗೇನು ಗಿಟ್ಟುತ್ತೆ ಇದರಲ್ಲಿ? ಹೋಗ್ರೀ, ಬಡವಿ ಥರ ಕಾಣೋ ಫೋಟೋ ತಗೊಂಡ್ಬನ್ನಿ. ಆಮೇಲೆ ನೋಡೋಣ."

ಆ ವಾರದ ಭಾನುವಾರ ನಮ್ಮ ಸಭೆಯ ಪಾದ್ರಿ ಅಯ್ಯನವರು ಮನೆಗೆ ಊಟಕ್ಕೆ ಬಂದರು. ಅಮ್ಮ ಕೋಳಿ ಸಾರು ಮಾಡಿದ್ದಳು. ಊಟದ ನಡುವೆ ಅವರು, ದೂರದ ಊರುಗಳ ದಾನಿಗಳಿಗೆ ವರದಿ ಕಳಿಸಬೇಕು, ಒಂದಷ್ಟು ಚಿತ್ರ ಬೇಕು ಎಂದರು.

"ಆ ಅಜ್ಜಿಯರನ್ನ ಇನ್ನೊಂದ್ಸಲ ತೆಗೀರಿ ಸಾಮುವೇಲಪ್ಪ. ಆದ್ರೆ ತಲೆ ಗಿಲೆ ಬಾಚಿಸೋಕೆ ಹೋಗ್ಬೇಡಿ. ಸ್ವಲ್ಪ ಹಸಿದ ಹಾಗೆ ಇರಲಿ. ನೋಡಿದವರ ಕರುಳು ಚುರ್ ಅನ್ನಬೇಕು."

ಅಮ್ಮ ಸಾರಿನ ಸೌಟನ್ನು ಪಾತ್ರೆಗೆ ವಾಪಸು ಬಿಟ್ಟಳು. ಅಪ್ಪ ತಟ್ಟೆ ನೋಡಿಕೊಂಡು ಹೇಳಿದರು:

"ಅಂಥದ್ದು ನಾನು ತೆಗೆಯಲ್ಲ ಅಯ್ಯನವರೇ."

ಕಚೇರಿಗೂ ಸಭೆಗೂ ಬೇಕಾಗಿದ್ದದ್ದು ಒಂದೇ ಫೋಟೋ! ಒಬ್ಬನಿಗೆ ಅದು ಕೊಡುವುದಕ್ಕೆ ಬೇಕಿತ್ತು, ಇನ್ನೊಬ್ಬರಿಗೆ ದಾನಿಗಳಿಂದ ಕೊಡಿಸಿಕೊಳ್ಳುವುದಕ್ಕೆ. ನಡುವೆ ನಮ್ಮ ಅಪ್ಪ ಮಣಿಯದೆ ಕೂತಿದ್ದರು. ನಾನು ಇಲ್ಲಿಗೆ ಕಥೆ ನಿಲ್ಲಿಸಿದರೆ ಅವರು ಸಂತರಾಗುತ್ತಾರೆ, ಸ್ಮರಣ ಸಂಚಿಕೆಯವರಿಗೂ ಖುಷಿಯಾಗುತ್ತದೆ. ಆದರೆ ಸಂತನ ಪಟ್ಟಕ್ಕೆ ಊಟ ಬಿಟ್ಟವಳು ಬೇರೆ. ಅಯ್ಯನವರಿಗೆ 'ತೆಗೆಯಲ್ಲ' ಅಂದ ಅಪ್ಪ ಕೆಂಚಮ್ಮನಿಗೂ ತೆಗೆಯಲಿಲ್ಲ. ಒಬ್ಬ ಹೆಣ್ಣುಮಗಳನ್ನು ದೀನಳಾಗಿ ತೋರಿಸಿ ಅನ್ನ ಕೊಡಿಸುವುದು ದೇವರ ಹೋಲಿಕೆಗೆ ಮಾಡುವ ಅವಮಾನ ಎಂದರು. ಅದರ ಬದಲು ದುಂಡಗಿನ ಅಕ್ಷರದಲ್ಲಿ ಮೇಲಧಿಕಾರಿಗಳಿಗೆ ಮನವಿ ಬರೆದರು. ಒಂದಾದ ಮೇಲೆ ಒಂದು. ಯಾವುದಕ್ಕೂ ಉತ್ತರ ಬರಲಿಲ್ಲ. ಮಳೆ ಬಂತು, ಹೋಯಿತು. ಕೆಂಚಮ್ಮ ಪ್ರತಿ ಸಂತೆಗೂ ಬಂದು ನಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂರುತ್ತಿದ್ದಳು, ಅಮ್ಮ ಮುದ್ದೆ ಹಾಕುತ್ತಿದ್ದಳು. ತಮ್ಮನ ಮನೆಯಲ್ಲಿ ಈಗ ಆ ಫೋಟೋವೇ ಅವಳಿಗೆ ಶತ್ರುವಾಗಿತ್ತು.

"ತಮ್ಮನ ಹೆಂಡ್ರು ಅದನ್ನ ಗೂಡಿನಾಗೆ ಇಟ್ಟವಳೆ ಕಣವ್ವ. ನಾನು ಉಣ್ಣಕ್ಕೆ ಕುಂತ್ರೆ ಸಾಕು, 'ಮಹಾರಾಣಿಯೋರಿಗೆ ಬಡಿಸ್ರೋ, ಜರೀ ಸೀರೆಯೋರಿಗೆ ಬಡಿಸ್ರೋ' ಅಂತಾಳೆ. ಮಕ್ಳೆಲ್ಲ ನಗ್ತವೆ."

ಅಮ್ಮ ಅವಳ ತಟ್ಟೆಗೆ ಮುದ್ದೆ ಹಾಕಿ ಒಳಗೆ ಬಂದಳು. ಅವತ್ತು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತರು, ನಾವೂ ಕೂತೆವು. ಕೆಂಚಮ್ಮ ಹಿತ್ತಿಲಲ್ಲಿ ತಟ್ಟೆ ಹಿಡಿದು ಕೂತಿದ್ದಳು. ಅಪ್ಪ ಕಣ್ಣು ಮುಚ್ಚಿ ಹೆಸರುಗಳನ್ನು ಹೇಳುತ್ತ ಬಂದು, ಕೊನೆಗೆ ಕೆಂಚಮ್ಮನ ಮುಖಕ್ಕಾಗಿಯೂ ಸ್ತೋತ್ರ ಹೇಳಿದರು.

"ಆಮೆನ್ ಅನ್ನಬೇಡಿ. ನಾನಿನ್ನೂ ಮಾತಾಡಿಲ್ಲ."

ನಾನು ಕಣ್ಣು ಬಿಟ್ಟೆ. ಅಮ್ಮ ನಿಂತಿದ್ದಳು. ಪ್ರಾರ್ಥನೆಯನ್ನು ನಡುವೆ ತಡೆದದ್ದನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ನಾವು ಕಂಡಿರಲಿಲ್ಲ.

"ಯಾವ ಮುಖಕ್ಕೆ ಸ್ತೋತ್ರ? ನೀವು ಬರೆದ ಮುಖಕ್ಕಾ, ಅಲ್ಲಿ ಕೂತಿದ್ದಾಳಲ್ಲ, ಆ ಮುಖಕ್ಕಾ?"

"ಸುಗುಣ, ನಾನು ಅವರನ್ನ ಭಿಕ್ಷುಕಿಯ ಥರ ತೋರಿಸಲ್ಲ."

"ತೋರಿಸಬೇಡಿ. ಭಿಕ್ಷುಕಿ ಮಾಡಿದ್ದೀರಲ್ಲ, ಅಷ್ಟು ಸಾಕು. ಎಂಟು ತಿಂಗಳಿಂದ ಅವಳು ನನ್ನ ಕೈ ನೋಡ್ತಾಳೆ, ತಮ್ಮನ ಹೆಂಡತಿ ಕೈ ನೋಡ್ತಾಳೆ. ಅವಳು ಕೇಳಿದ್ದು ಒಂದು ಒಲೆ. ನಿಮ್ಮ ಭಕ್ತಿ ಮುಕ್ಕಾಗಬಾರದು ಅಂತ ಅವಳ ಹೊಟ್ಟೆ ಯಾಕ್ರೀ ಒಣಗಬೇಕು?"

ಅಪ್ಪ ಉತ್ತರ ಕೊಡುವ ಮುಂಚೆ ಹಿಂಬಾಗಿಲಲ್ಲಿ ಕೆಂಚಮ್ಮ ನಿಂತಿದ್ದಳು. ಎಲ್ಲ ಕೇಳಿಸಿತ್ತು. ಎಂಜಲು ಕೈಯನ್ನು ದೂರ ಹಿಡಿದುಕೊಂಡು, ಹೊಸ್ತಿಲು ದಾಟದೆ ಕೇಳಿದಳು.

"ಸಾಮಣ್ಣ, ಒಂದ್ ಮಾತು. ಆ ಫೋಟೋದಾಗೆ ನನ್ನ ಕಣ್ಣು ಎಲ್ಲೋಯ್ತು?"

"ಚೆನ್ನಾಗಿ ಕಾಣಲಿ ಅಂತ ಕೆಂಚಮ್ಮನವರೇ..."

"ಯಾರಿಗೆ?"

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಇದು ನಾನು ದುಡಿದು ಕಳ್ಕೊಂಡ ಕಣ್ಣು. ಕದ್ದು ಸಿಕ್ಕಾಕ್ಕೊಂಡು ಕೀಳಿಸ್ಕೊಂಡಿದ್ದಲ್ಲ. ನಾನೇ ಯಾರ ಮುಂದೂ ಮುಚ್ಕೊಂಡಿಲ್ಲ. ನೀನ್ಯಾಕಪ್ಪ ಮುಚ್ಚಿದೆ? ನಿಂಗೆ ನಾಚ್ಕೆ ಆಯ್ತಾ?"

ಇಲ್ಲಿ ಅಪ್ಪನಿಗೆ ಜ್ಞಾನೋದಯವಾಗಿ ಅವಳ ಮುಂದೆ ಮೊಣಕಾಲೂರಿದರು ಎಂದು ಬರೆಯುವುದು ಬಹಳ ಸುಲಭ. ಹಾಗೇನೂ ಆಗಲಿಲ್ಲ. ಅವರಿಗೆ ಕೋಪ ಬಂತು. ಊಟ ಬಿಟ್ಟು ಎದ್ದು ಕೈ ತೊಳೆದು ಬೀದಿಗೆ ಹೋದರು. ಆಮೇಲಿನದ್ದರ ಬಗ್ಗೆ ನಾನೂ ಕರುಣಕ್ಕನೂ ಇವತ್ತಿಗೂ ಜಗಳಾಡುತ್ತೇವೆ. ಅಪ್ಪ ಇಲ್ಲದಾಗ ಅಮ್ಮನೇ ಸಣ್ಣ ಕ್ಯಾಮೆರಾ ತೆಗೆದುಕೊಂಡು ಹಿತ್ತಿಲಿನ ಬಿಸಿಲಲ್ಲಿ ಫೋಟೋ ತೆಗೆದಳು, ಜೀವನದಲ್ಲಿ ಅವಳು ತೆಗೆದದ್ದು ಅದೊಂದೇ ಎಂದು ನನ್ನ ನೆನಪು. ಅಲ್ಲವೇ ಅಲ್ಲ, ಸಂಜೆ ಅಪ್ಪನೇ ವಾಪಸು ಬಂದು ಒಂದು ಮಾತೂ ಆಡದೆ ತೆಗೆದರು ಎಂದು ಅಕ್ಕ. ಅಮ್ಮನೇ ತೆಗೆದಿರಲಿ ಎಂಬ ಆಸೆ ನನಗಿದೆ, ಅಪ್ಪ ತೆಗೆದಿರಲಿ ಎಂಬ ಆಸೆ ಅವಳಿಗೆ. ನೆನಪು ಎಂದು ನಾವು ಕರೆಯುವುದು ಬಹುಶಃ ಈ ಆಸೆಗಳನ್ನೇ. ಆದರೆ ಕೆಂಚಮ್ಮ ಹೇಗೆ ಕೂತಿದ್ದಳು ಎಂಬುದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ. ಒಗೆಯುವ ಕಲ್ಲಿನ ಮೇಲೆ, ತನ್ನದೇ ಹರಕು ಸೀರೆಯಲ್ಲಿ, ತಲೆ ಕೆದರಿಕೊಂಡು, ಎರಡೂ ಕಣ್ಣು ನೇರ ಎದುರಿಗೆ. ತೊಂದರೆ ಏನೆಂದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ನಗಬೇಡ ಕೆಂಚಮ್ಮ, ಆ ಗುಮಾಸ್ತ ಒಪ್ಪಲ್ಲ," ಎಂದಳು ಅಮ್ಮ.

"ಏನ್ ಮಾಡ್ಲಿ ಕಣವ್ವ! ಬಡವಿ ಥರ ಕುಂತ್ಕೋ ಅಂದ್ರೆ ಹೆಂಗೆ ಕುಂತ್ಕೊಳಾನಾ? ಅದನ್ನೂ ಯಾರಾದ್ರೂ ಕಲಿಸ್ಕೊಡ್ತಾರಾ? ನಾನು ಇರದೇ ಹಿಂಗೆ."

"ಏನಾದ್ರೂ ದುಃಖದ್ದು ನೆನಸ್ಕೋ."

"ದುಃಖ ಬ್ಯಾಡ. ತಡಿ, ಆ ಗುಮಾಸ್ತನ್ನೇ ನೆನಸ್ಕೋತೀನಿ."

ನೆನೆಸಿಕೊಂಡಳು. ಮುಖ ಬಿಗಿಯಿತು. ತುಟಿ ಒಂದು ಗೀಟಾಯಿತು. ಸುಕ್ಕುಗಳೆಲ್ಲ ಹಣೆಯ ನಡುವೆ ಬಂದು ಕೂಡಿದವು, ಬಿಳಿ ಕಣ್ಣೂ ಕೂಡ ಸಿಟ್ಟಿನಲ್ಲಿ ನೋಡುತ್ತಿರುವ ಹಾಗಿತ್ತು. ಆ ಫೋಟೋವನ್ನು ನಾನು ತಂತಿಯ ಮೇಲೆ ಒದ್ದೆಯಾಗಿರುವಾಗಲೇ ಕಂಡಿದ್ದೇನೆ. ಅದರಲ್ಲಿದ್ದದ್ದು ಅಪ್ಪಟ ಕೋಪ. ಕಚೇರಿಯಲ್ಲಿ ಅದನ್ನು ದೈನ್ಯ ಎಂದು ಓದಿಕೊಂಡರು. 'ವಯೋವೃದ್ಧೆ, ಅಸಹಾಯಕಿ' ಎಂದು ಷರಾ ಬರೆದು ಮಂಜೂರು ಮಾಡಿದರು. ಬಡವರ ಮುಖದಲ್ಲಿ ಸಿಟ್ಟನ್ನು ಗುರುತಿಸಲಾರದವರು ಅಲ್ಲಿ ಕೂತು ಯಾರು ಬಡವರು, ಯಾರು ಅಲ್ಲ ಎಂದು ತೀರ್ಮಾನ ಮಾಡುತ್ತಿದ್ದರು!

ಉಳಿದ ಹನ್ನೊಂದು ಮಂದಿಯ ವಿಷಯ. ಕೆಂಚಮ್ಮನದು ಮಂಜೂರಾದ ಮೇಲೆ ಅಪ್ಪ ತಾವೇ ಸಣ್ಣ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸೈಕಲ್ಲಿನಲ್ಲಿ ಹಳ್ಳಿಗಳಿಗೆ ಹೋದರು. ಪೆನ್ಸಿಲು ಮುಟ್ಟಲಿಲ್ಲ. ಹಾಗೆ ತೆಗೆದವರಲ್ಲಿ ನಾಲ್ವರಿಗೆ ಮಾಸಾಶನ ಬಂತೆಂದು ನನಗೆ ಗೊತ್ತು. ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಒಬ್ಬಾಕೆ ಬಾಗಿಲಿಗೇ ಬರಲಿಲ್ಲ, 'ನಿನ್ನ ಫೋಟೋ ಸಹವಾಸ ಸಾಕು' ಎಂದು ಒಳಗಿನಿಂದಲೇ ಕೂಗಿ ಕಳಿಸಿದಳು. ಮಿಕ್ಕವರ ಗತಿ ಏನಾಯಿತೋ ನನಗೆ ಗೊತ್ತಿಲ್ಲ, ಸ್ಮರಣ ಸಂಚಿಕೆ ಬರೆದವರಿಗಂತೂ ಗೊತ್ತಿಲ್ಲ. ಆ ಎಂಟು ತಿಂಗಳನ್ನು ಯಾರೂ ಯಾರಿಗೂ ಹಿಂತಿರುಗಿಸಲಿಲ್ಲ. ಅಪ್ಪ ಒಂದು ರಾತ್ರಿ ಊಟದ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಲು ಶುರುಮಾಡಿದಾಗ ಅಮ್ಮ, 'ಅದನ್ನ ಅಲ್ಲಿ ಕೇಳೋದಲ್ಲ' ಎಂದು ಮೆಲ್ಲಗೆ ಹೇಳಿದ್ದು ಮಾತ್ರ ನೆನಪಿದೆ.

ಕೆಂಚಮ್ಮನಿಗೆ ಎರಡು ಸಲ ಮನಿಯಾರ್ಡರು ಬಂದ ಮೇಲೆ, ಒಂದು ಬೆಳಿಗ್ಗೆ ಅವಳು ನಮ್ಮ ಸ್ಟುಡಿಯೋಕ್ಕೆ ಬಂದಳು. ತಮ್ಮನ ಮನೆಯ ಪಕ್ಕದಲ್ಲೇ ನಾಲ್ಕು ಗರಿ ಹೊದಿಸಿ ಒಲೆ ಹೂಡಿದ್ದಳಂತೆ. ಹಿತ್ತಿಲ ಕಡೆಯಿಂದ ಬರಲಿಲ್ಲ. ಬೀದಿ ಬಾಗಿಲಿನಿಂದ ಬಂದು, ಅರಮನೆಯ ಪರದೆಯ ಮುಂದಿನ ಕುರ್ಚಿಯಲ್ಲಿ ಕೂತಳು. ಸೊಂಟದಿಂದ ಗಂಟು ಬಿಚ್ಚಿ ಅಪ್ಪನ ಮುಂದೆ ಕೈ ಚಾಚಿದಳು.

"ಫೋಟೋ ತೆಗಿ ಸಾಮಣ್ಣ."

"ದುಡ್ಡು ಬೇಡ ಕೆಂಚಮ್ಮನವರೇ. ನಾನು ನಿಮ್ಮ ಹತ್ರ..."

"ತಗೋ. ಪುಕ್ಕಟೆ ಅಂದ್ರೆ ನೀನು ಹೇಳಿದಂಗೆ ಕುಂತ್ಕೋಬೇಕಾಯ್ತದೆ. ಇವತ್ತು ನಾನು ಹೇಳಿದಂಗೆ ನೀನು ತೆಗೀಬೇಕು."

ಅಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡರು. ಬಡವರಿಂದ ದುಡ್ಡು ಮುಟ್ಟದಿರುವುದೇ ಅವರ ಜೀವಮಾನದ ಪ್ರತಿಜ್ಞೆ. ಅದನ್ನೇ ಅವರು ಸೇವೆ ಎಂದು ಕರೆದಿದ್ದರು. ಒಳಗಿನಿಂದ ಬಂದ ಅಮ್ಮ ಪರದೆಯ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ತುಂಬಾ ಹೊತ್ತಾದ ಮೇಲೆ, ಯಾರೋ ಹಿಂದಿನಿಂದ ತಳ್ಳಿದ ಹಾಗೆ, ಅಪ್ಪನ ಬಲಗೈ ಮುಂದೆ ಬಂದು ಆ ದುಡ್ಡನ್ನು ತೆಗೆದುಕೊಂಡಿತು.

"ಹೆಂಗೆ ತೆಗೀಲಿ?" ಎಂದರು. ಅವರ ಬಾಯಲ್ಲಿ ಆ ಹಳ್ಳಿಮಾತು ನಾನು ಕೇಳಿದ್ದು ಅದೇ ಮೊದಲು.

"ನಗಿಸಬ್ಯಾಡ. ಅಳಿಸಬ್ಯಾಡ. ಮುಖ ತಿರುಗಿಸಬ್ಯಾಡ. ಸುಮ್ನೆ ತೆಗಿ."

ಅಪ್ಪ ಮೂರು ಕಾಲಿನ ದೊಡ್ಡ ಕ್ಯಾಮೆರಾವನ್ನು ಅವಳ ನೇರಕ್ಕೆ ಎಳೆದರು. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡು ಬಗ್ಗಿದರು. ಆ ಬಟ್ಟೆಯ ಒಳಗಿನಿಂದ ನೋಡುವವರಿಗೆ ಎದುರಿಗೆ ಕೂತವರು ತಲೆಕೆಳಗಾಗಿ ಕಾಣುತ್ತಾರೆ. ಸರಿಹೊಂದಿಸುವುದಕ್ಕೆ ಅವರಿಗೆ ಒಂದು ನಿಮಿಷವೂ ಬೇಕಾಗುತ್ತಿರಲಿಲ್ಲ. ಅವತ್ತು ಹೊರಗೆ ಬರಲೇ ಇಲ್ಲ. ಬಟ್ಟೆ ಮಾತ್ರ ಸ್ವಲ್ಪ ಸ್ವಲ್ಪ ಅಲುಗಾಡುತ್ತಿತ್ತು. ಅಮ್ಮ ಕರೆಯಲಿಲ್ಲ. ಕೆಂಚಮ್ಮ ಕದಲದೆ, ಎರಡೂ ಕಣ್ಣನ್ನು ಗಾಜಿನ ಮೇಲೆ ನೆಟ್ಟು ಕೂತೇ ಇದ್ದಳು. ಕೊನೆಗೆ ತುಟಿ ಅಲುಗಿಸದ ಹಾಗೆ ಹೇಳಿದಳು.

"ಏನ್ ಸಾಮಣ್ಣ, ಒಳಗೆ ಅಳ್ತಿದ್ದೀಯಾ, ಪ್ರಾರ್ಥನೆ ಮಾಡ್ತಿದ್ದೀಯಾ? ಯಾವುದಾದ್ರೂ ಬೇಗ ಮುಗಿಸು. ನಂಗೆ ಬಸ್ಸಿಗೆ ಹೊತ್ತಾಯ್ತು."